ಹೊರಗಿನವಳು

ನಮ್ಮ ಹಟ್ಟಿಯ ಮುಳ್ಳುಬೇಲಿಯಾಚೆ, ಬಂದರೆ ಗಿಡಗಳ ನಡುವೆ
ಒಂದು ಗುಡ್ಲು. ಬಾಗಿಲಿಲ್ಲ. ನಿಂತರೆ ತಲೆ ತಾಗುತ್ತದೆ.
ಮೊದಲ ಸಲ ಹೊರಗಾದಾಗ ನನಗೆ ಹದಿಮೂರು,
ಕಂಬಳಿಯೊಳಗೆ ಹಲ್ಲು ಕಟಕಟ.
ಪಕ್ಕದಲ್ಲಿ ಮಲಗಿದ್ದ ಸಿರಿಯತ್ತೆ
"ಸುಮ್ಕಿರು, ಇಲ್ಲೇ ಒಬ್ಬಳು ತಿಂಗಳುಗಟ್ಲೆ ಇದ್ಲು" ಅಂತ ಸುರುಮಾಡಿದಳು.

ಶಿರಾದ ಕೋಟೆ ಬಿದ್ದ ವರ್ಷವಂತೆ.
ಯಾವ ಸಲ ಬಿದ್ದದ್ದು ಅಂತ ಕೇಳಬೇಡ,
ಅದು ಬೀಳುತ್ತಲೇ ಇತ್ತು.
ಬಡಗಲಿಂದ ದಂಡು ಬಂತು, ಕೆರೆ ಏರಿಯ ಮೇಲೆ ಡೇರೆ ಎದ್ದವು,
ಕುದುರೆಗಳು ಹುರುಳಿ ಹೊಲವನ್ನು ನಿಂತಲ್ಲೇ ಮೇದವು.
ಕೋಟೆಯಲ್ಲಿ ಬಂದೂಕು ಹಿಡಿದಿದ್ದವರ ಹೆಂಡಿರು ಮಕ್ಕಳನ್ನು
ಹಿಡಿದುಕೊಟ್ಟರೆ ತಲೆಗಿಷ್ಟು ಅಂತ ಡಂಗುರ.
ಬಚ್ಚಿಟ್ಟವರ ಹಟ್ಟಿಗೆ ಬೆಂಕಿ.

ಆ ರಾತ್ರಿ ರೊಪ್ಪದ ನಾಯಿ ಯಾಕೋ ಬೊಗಳಲಿಲ್ಲ.
ಜೈನಾಬಿ ಸಿಕ್ಕಿದ್ದು ಕುರಿಮರಿಗಳ ನಡುವೆ, ಮಂಡಿಯೂರಿ,
ತುಂಬಿದ ಬಸುರಿ, ಒಂದೇ ಕಾಲಲ್ಲಿ ಚಡಾವು.
ಯಜಮಾನ ಕ್ಯಾತಣ್ಣ ಎದ್ದು ಬಂದ, ನೋಡಿದ,
ಕೆಮ್ಮಿದ, ಹೋಗಿ ಮಲಗಿದ.
ಅದೇ ಅವನ ತೀರ್ಮಾನ.
ಮಿಕ್ಕದ್ದು ಹೆಂಗಸರದು.

ಎಲ್ಲಿಡುವುದು? ವಾಡೆ ಒಡೆಯುತ್ತಾರೆ, ಹಗೇವಿಗೆ ಈಟಿ ಇಳಿಸುತ್ತಾರೆ,
ದೇವರ ಗುಬ್ಬವನ್ನೂ ಬಿಡರು, ಅಲ್ಲಿ ಬೆಳ್ಳಿ ಇರುತ್ತದೆ.
ಗುಡ್ಲೊಂದೇ ಉಳಿಯಿತು.

ಅವತ್ತಿನಿಂದ ಹಟ್ಟಿಯ ಹೆಂಗಸರೆಲ್ಲ
ಲೆಕ್ಕತಪ್ಪಿ ಹೊರಗಾಗತೊಡಗಿದರು.
ಒಬ್ಬಳು ಒಳಬಂದರೆ ಇನ್ನೊಬ್ಬಳು,
ಕೂಸಿಗೆ ಹಾಲೂಡುವವಳು ಕೂಡ.
ಇನ್ನೂ ಮೈನೆರೆಯದ ಕೆಂಚಿ ನಾನೂ ಹೋಗ್ತೀನಿ ಅಂತ ಹಟ ಹಿಡಿದಳಂತೆ.
ಹೊರಗಾದವಳಿಗೆ ಮುದ್ದೆ ಕೊಡಲೇಬೇಕಲ್ಲ,
ಒಂದರ ಬದಲು ಎರಡು.
ಗಂಡಸರು ಬೆರಳು ಎಣಿಸಿದರು, ಎಣಿಸಿ ಕೈ ಮಡಚಿದರು.
ಪೂಜಾರಿಯನ್ನು ಕೇಳಿದರೆ
"ಜುಂಜಪ್ಪ ದನ ಎಣಿಸ್ತಾನೆ, ದಿನ ಅಲ್ಲ" ಎಂದನಂತೆ.

ಹದಿನೆಂಟನೇ ದಿನ ಸವಾರರು ಬಂದರು.
ಮುಂದೆ ದಾರಿ ತೋರುತ್ತ ಒಬ್ಬ, ನಮ್ಮ ಸೀಮೆಯವನೇ.
ವಾಡೆ ಒಡೆದರು. ಹಗೇವಿಗೆ ಈಟಿ ಇಳಿಸಿದರು.
ಆ ಹೊತ್ತಿಗೆ ಗುಡ್ಲಲ್ಲಿ ನೋವು ಎದ್ದಿತ್ತು.
ಮುಂದೆ ಕೂತಿದ್ದವಳು ಚಿತ್ತಜ್ಜಿ,
ಮುಟ್ಟು ನಿಂತು ಹದಿನೈದು ವರ್ಷವಾಗಿತ್ತು,
ನರೆ ಕಾಣದಂತೆ ಕಂಬಳಿಕೊಪ್ಪೆ.

"ಒಳಗೆ ಯಾರು?"
"ಹೊರಗಿನೋಳು, ನಮ್ಮಪ್ಪ."
"ನರಳ್ತಿರೋದು?"
"ಅವಳೇ. ಹೊರಗಿನೋಳೇ. ಬೇಕಾದ್ರೆ ಬಂದು ಮುಟ್ಟಿ ನೋಡು."

ನಮ್ಮ ಮಾತಿನವನು, ಒಂದು ಮಾತಿನ ಎರಡು ಮಗ್ಗುಲು ಬಲ್ಲವನು.
ಅಜ್ಜಿಯ ಮುಖವನ್ನೇ ನೋಡಿದ.
ಹಿಂದೆ ತಿರುಗಿ ಅವರ ಭಾಷೆಯಲ್ಲಿ ಏನೋ ಅಂದ.
ಸವಾರರು ಉಗುಳಿ, ಕುದುರೆಗಳನ್ನು
ಹತ್ತು ಮಾರು ಹಿಂದಕ್ಕೆಳೆದರು.
ಅವನಿಗೆ ಗೊತ್ತಾಗಿತ್ತಾ?
ಸಿರಿಯತ್ತೆ ಈ ಕಡೆ ಮಗ್ಗುಲಾದಳು. ಅವನ ಹೆಸರೂ ಯಾರಿಗೂ ಗೊತ್ತಿಲ್ಲ.

ಹುಟ್ಟಿದ್ದು ಹೆಣ್ಣು.
ನಲವತ್ತು ಕಳೆದ ಮೇಲೆ ಒಂದು ಬೆಳಗಿನ ಜಾವ
ಮಡಕಶಿರೆಯ ಕಡೆಗೆ ಕುರಿ ಹೊಡೆದುಕೊಂಡು ಹೊರಟವರ ನಡುವೆ
ಕಂಬಳಿ ಹೊದ್ದ ಒಬ್ಬಳು ಹೆಚ್ಚಿದ್ದಳು.
ಮುಂದಿನದು ಕತೆಯಲ್ಲಿಲ್ಲ.

ಅದೇ ಜಾಗದ ಗುಡ್ಲಲ್ಲಿ ನನ್ನಕ್ಕನ ಕೂಸು
ಒಂಬತ್ತನೇ ರಾತ್ರಿ ಶೀತಕ್ಕೆ ಸೆಟೆದುಕೊಂಡಿತು.
ಆಗ ಯಾವ ದಂಡೂ ಬಂದಿರಲಿಲ್ಲ.
ಹತ್ತು ಮಾರು ದೂರದಲ್ಲಿ
ನಮ್ಮವರೇ ನಿಂತಿದ್ದರು.

ಮೊನ್ನೆ ನನ್ನ ಮಗಳು ದೊಡ್ಡವಳಾದಳು.
ಅವಳಿಗೆ ಈ ಕತೆ ಹೇಳಿದೆ,
ಮನೆಯೊಳಗೆ, ಒಲೆಯ ಪಕ್ಕ ಮಲಗಿಸಿಕೊಂಡು,
ಬಾಗಿಲು ಹಾಕಿ.
ಆಚೆ ಯಾರೋ ಬಂದು ನಿಂತಂತಾಯಿತು.
ಕೆಮ್ಮಿದರು.
ಹೋಗಿ ಮಲಗಿದರು.