ತೊಂಬತ್ತೊಂಬತ್ತನೇ ತೆರೆ

ಮಾನಿಟರು ಮಾರಿಬಿಟ್ಟೆ, ಅಂದರು ಹಾಲೇಶಪ್ಪ,
ಮೇಲಿನ ಮನೆ ಹುಡುಗನಿಗೆ, ಆರುನೂರಕ್ಕೆ.
ಅದಿದ್ದ ಜಾಗದಲ್ಲೀಗ ಫ್ಲಾಸ್ಕು, ನಶ್ಯದ ಡಬ್ಬಿ,
ಧೂಳಿನ ನಡುವೆ ಅದರ ಕಾಲಿದ್ದ ಚೊಕ್ಕ ಚೌಕ.
“ಕಣ್ಣಿಲ್ಲದವನ ಮುಂದೆ ಅದ್ಯಾಕಮ್ಮ,
ಸುಮ್ಮನೆ ಕೆನ್ನೆಗೆ ಬಿಸಿ ಹೊಡೀತಿತ್ತು.”

ಅವತ್ತಿನಿಂದ ಪೆಟ್ಟಿಗೆ ಬಾಯಿ ಬಿಟ್ಟಿಲ್ಲ.
ಫ್ಯಾನು ತಿರುಗುತ್ತದೆ, ಮೈ ಬೆಚ್ಚಗಿದೆ,
ಪ್ರತಿ ಗುಂಡಿಯ ಹೆಸರು ಕೂಗಿ ಹೇಳುತ್ತಿದ್ದ
ಆ ಮೂಗಿನ ದನಿ ಮಾತ್ರ ಇಲ್ಲ.

ದುರ್ಗಿಗುಡಿಯಿಂದ ಸ್ಕೂಟರಿನಲ್ಲಿ ಬಂದವಳು ನಾನು.
ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ ಒಳಹೊಕ್ಕು ನೋಡಿದರೆ
ಒಂದೇ ದೂರು, ನಾನೂರು ಸಲ:
ತೆರೆಯನ್ನು ತೆರೆಯಲಾಗಲಿಲ್ಲ.
ತೆರೆಯನ್ನು ತೆರೆಯಲಾಗಲಿಲ್ಲ.
ಕಿಟಕಿ ಬಿಡಿಸಲು ಗೋಡೆ ಸಿಗದೆ
ಸಾಫ್ಟ್‌ವೇರು ಹೊಸ್ತಿಲಲ್ಲೇ ಕೂತಿತ್ತು.

ಇಲ್ಲದ ತೆರೆಯೊಂದನ್ನು ಕಟ್ಟಿದೆ.
ಅಗಲ ಸಾವಿರದ ಒಂಬೈನೂರ ಇಪ್ಪತ್ತು ಚುಕ್ಕಿ,
ಎತ್ತರ ಸಾವಿರದ ಎಂಬತ್ತು,
ಗಾಜಿಲ್ಲ, ಬೆಳಕಿಲ್ಲ, ಬರೀ ನೆನಪಿನ ಚಿಪ್ಪಿನೊಳಗಿನ ಲೆಕ್ಕ.
ನಂಬರು ತೊಂಬತ್ತೊಂಬತ್ತು: ನಮ್ಮ ಕಸುಬಿನವರ ರೂಢಿ,
ಅಷ್ಟು ದೂರ ನಿಜದ ತೆರೆ ಯಾವುದೂ ಬರುವುದಿಲ್ಲವೆಂದು.

“ಅಂದರೆ ಅದಕ್ಕೆ ಸುಳ್ಳು ಹೇಳಿದೆ.”
ಹೂಂ, ಅಂದೆ.
ಕಪ್ಪು ಕನ್ನಡಕ ತೆಗೆದು ಪಂಚೆಯಂಚಲ್ಲಿ ಒರೆಸಿದರು.
“ಇದೂ ಅದೇ ಜಾತಿ. ಬಸ್ಸಲ್ಲಿ ಎದುರು ಕೂತವರಿಗೆ
ದೃಷ್ಟಿ ಇಡಲು ಒಂದು ಜಾಗ ಬೇಕಲ್ಲ.”

ಪೆಟ್ಟಿಗೆ ಗೊರಗುಟ್ಟಿ, ಮೂಗಿನಲ್ಲೇ ಹೇಳಿತು:
ಕಡತ. ತಿದ್ದು. ನೋಟ.
ನೋಟ ಎಂದಾಗ ಇಬ್ಬರೂ ನಕ್ಕೆವು.

ನಂಬಲು ನನಗೆ ಕಣ್ಣೇ ಬೇಕು.
ಇಲ್ಲದ ತೆರೆಯದೊಂದು ಫೋಟೊ ತೆಗೆದು ತರಿಸಿಕೊಂಡೆ.
ಇದೆ, ಎಲ್ಲ ಇದೆ:
ಮೂಲೆಯಲ್ಲಿ ಗಡಿಯಾರ,
ಯಾರೂ ಅಲುಗಿಸದ ಬಾಣ ನಟ್ಟ ನಡುವೆ,
ಬ್ರೈಲ್ ಸವರುತ್ತ ಅವರು ಮಕ್ಕಳಿಗೆಂದು ಓದಿಟ್ಟ
ಏಳನೇ ಪಾಠದ ದನಿ, ನೀಲಿ ತೆರೆತೆರೆಯಾಗಿ,
ಯಾರಿಗೂ ಕಾಣದಲ್ಲಿ ಅಷ್ಟೊಂದು ಅಚ್ಚುಕಟ್ಟಾಗಿ.

ಎರಡು ವಾಕ್ಯದ ನಡುವೆ ಉದ್ದಕ್ಕೆ ಮಲಗಿದ ತಗ್ಗು ದಿಬ್ಬ.
ಇಲ್ಲಿ ಏನೋ ಗದ್ದಲ ಉಳಿದಿದೆ, ಕತ್ತರಿಸಲಾ?
“ಎಷ್ಟು ಹೊತ್ತಿನದು?”
ಹನ್ನೊಂದು ಸೆಕೆಂಡು.
“ಅದು ತಾಳಗುಪ್ಪದ ರೈಲು. ಇರಲಿ ಬಿಡು ಸಬೀಹಾ,
ಪಾಠದಲ್ಲಿ ಅಲ್ಲೇ ಸೇತುವೆ ಬರುತ್ತೆ.”

ಬಿಲ್ಲಿನಲ್ಲಿ ಏನಂತ ಬರೆಯುವುದೋ ತಿಳಿಯಲಿಲ್ಲ.
ತೆರೆ, ಒಂದು, ಎಂದು ಬರೆದು
ದರದ ಕಾಲಮ್ಮು ಖಾಲಿ ಬಿಟ್ಟೆ.
ಕಾಗದದ ಮೇಲೆ ಬೆರಳಾಡಿಸಿದರು.
“ಇಂಕು ಕೈಗೆ ಸಿಗಲ್ಲ, ಓದು.”
ಓದಿದೆ.

ಲೋಟದ ಕಂಠಕ್ಕೆ ಬೆರಳಿಟ್ಟು ಕಾಫಿ ಬಗ್ಗಿಸಿದರು.
ನಗುತ್ತಿದ್ದರೇನೋ, ಸ್ವಲ್ಪ ಚೆಲ್ಲಿತು,
ಹರಿದು ಹೋಗಿ ನಿಂತಿದ್ದು
ಆ ಚೊಕ್ಕ ಚೌಕದೊಳಗೆ.