ಸೀಟಿನ ಬಾಬ್ತು

ನಲವತ್ತೆರಡು ಲಕ್ಷ ಅಂದರು ಕೇರ್ಸಿ ಸೇಠ್,
ಪರೇಲಿನ ನೆಲಮಾಳಿಗೆಯಲ್ಲಿ ಹೊದಿಕೆ ಸರಿಸುತ್ತ.
ಕೆಂಪು. ಎರಡೇ ಸೀಟು. ಜರ್ಮನಿಯಿಂದ ಹಡಗಿಳಿದದ್ದು.
ಹದಿನಾಲ್ಕು ವರ್ಷಕ್ಕೆ ಒಂಬತ್ತೇ ಸಾವಿರ ಕಿಲೋಮೀಟರು.

ಅಂಕಿ ಯಾರು ಬೇಕಾದರೂ ತಿದ್ದುತ್ತಾರೆ.
ಬಾಗಿಲಿಗೆ ಅಯಸ್ಕಾಂತ ಹಿಡಿದೆ: ಗಪ್ಪನೆ ಕಚ್ಚಿತು, ಪುಟ್ಟಿಯಿಲ್ಲ.
ಬೆಲ್ಟನ್ನು ಕೊನೆಯವರೆಗೂ ಎಳೆದೆ;
ಜುಲೈ ನೀರು ಹೊಕ್ಕಿದ್ದರೆ ಅಲ್ಲೊಂದು ಕೆಸರಿನ ಗೆರೆ
ಉಳಿದೇ ಉಳಿಯುತ್ತದೆ.
ಉಳಿದಿರಲಿಲ್ಲ.

ಆದರೆ ಪೆಡಲಿನ ರಬ್ಬರು ಹೊಸದು,
ಸೀಟೆರಡೂ ಕುಸಿದು ಚರ್ಮ ಬಿರಿದಿವೆ.
ಸಿಕ್ಕಿಬಿದ್ದೆ ಮುದುಕಾ, ಅಂದುಕೊಂಡೆ.

"ಈ ಊರಲ್ಲಿ ಓಡಿಸಲು ನನಗೆ ಧೈರ್ಯವಿಲ್ಲ,
ಪೆರಿನ್‌ಗೆ ಲೈಸೆನ್ಸಿಲ್ಲ.
ಸಂಜೆ ಇಳಿದು ಬಂದು ಕೂರುತ್ತಿದ್ದೆವು.
ರೇಡಿಯೋ. ಒಂದಿಷ್ಟು ಕಡಲೆ."

ಸೀಟಿನಡಿ ಸಿಪ್ಪೆ ಇತ್ತು.

"ಸೀಟಿನ ಬಾಬ್ತು ಮೂರು ಕಳೆದು
ಮೂವತ್ತೊಂಬತ್ತು," ಅಂದೆ.

ಅವರು ಆ ತಗ್ಗಿನ ಮೇಲೆ ಕೈಯಾಡಿಸಿದರು.
"ಅಲ್ಲಪ್ಪಾ,
ದುಡ್ಡೆಲ್ಲ ಅದರದ್ದೇ ಅಲ್ಲವೇ?"