ಆರು ಕಾರ್ಡು

ಜೇಬಿನಲ್ಲಿ, ಹಾಜರಿ ಪೆನ್ನಿನ ಹಿಂದೆ,
ಬೀಡಿ ಕಟ್ಟಿಗಿಂತ ತೆಳ್ಳಗೆ ಆರು ಕಾರ್ಡು.
ಯಾರದೋ ಮದುವೆ ಕಾಗದ ಕತ್ತರಿಸಿ
ನಾನೇ ಗೆರೆ ಎಳೆದು ಅಂಕೆ ತುಂಬಿದ್ದು.
ಒಂದರ ಬೆನ್ನಲ್ಲಿ ಈಗಲೂ ಓದಬಹುದು:
'ತಮ್ಮ ಆಗಮನಾಭಿಲಾಷಿಗಳು'.

ಕಲಿಸಿದವನು ಕಂಡಕ್ಟರ್ ಉತ್ತಯ್ಯ,
ಅಮ್ಮತ್ತಿಯಲ್ಲಿ ಬಸ್ಸು ಕೆಟ್ಟು ನಿಂತ ಮಧ್ಯಾಹ್ನ.
ಗುರುದಕ್ಷಿಣೆ ಒಂದು ಚಾ, ಎರಡು ಪಳಂಪೊರಿ.
'ತಕ್ಕಡಿ ನೋಡಿದ್ದೀಯಲ್ಲ ಮಾರಾಯ,
ಒಂದು, ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು.
ಈ ಆರು ತೂಕದ ಕಲ್ಲಿದ್ದರೆ
ಅರವತ್ತಮೂರರವರೆಗೆ ಯಾರ ಮನಸ್ಸನ್ನೂ ತೂಗಬಹುದು.
ಇದೆ ಅಂದರೆ ಆ ಕಾರ್ಡಿನ ಮೊದಲ ಅಂಕೆ ತಟ್ಟೆಗೆ ಹಾಕು,
ಇಲ್ಲ ಅಂದರೆ ಬಿಡು.
ಲೆಕ್ಕ ಮಾತ್ರ ತುಟಿಗೆ ಬರಬಾರದು.'

ಶನಿವಾರ, ಬಟವಾಡೆ ದಿನ.
ಸಿದ್ದಾಪುರದ ಬ್ಯಾಂಕಿಗೆ ಹೋದ ಸಾಹುಕಾರರ ಜೀಪು
ಮೂರಾದರೂ ಬಂದಿಲ್ಲ.
ಕಣದ ತುಂಬ ಮೆಣಸು, ಹಸಿರು ಬಿಟ್ಟು ಕಪ್ಪಿಗೆ ತಿರುಗುತ್ತ.
ನೆರಳಿನ ಪಟ್ಟಿಯಲ್ಲಿ ಸಾಲಾಗಿ ಕೂತ ಜನ.
ಜೇಬಿಗೆ ಕೈ ಹಾಕಲು ಇದಕ್ಕಿಂತ ಹೊತ್ತು ಬೇಕೆ?

ಟ್ರ್ಯಾಕ್ಟರ್ ಉಣ್ಣಿ ಮೊದಲು ಸಿಕ್ಕಿದ.
ಕಣ್ಣು ಮುಚ್ಚಿ, ಹಣೆಗೆ ಬೆರಳಿಟ್ಟು, ಸ್ವಲ್ಪ ನರಳಿ
'ಇಪ್ಪತ್ತೇಳು' ಅಂದೆ.
ಅವನ ವಯಸ್ಸಂತೆ.
'ಪುಸ್ತಕದಲ್ಲಿ ಮೂವತ್ತೊಂದು ಬರೆಸಿದ್ದೀಯಲ್ಲೋ!'
ಕಣವೆಲ್ಲ ನಕ್ಕಿತು, ನಾನು ದೊಡ್ಡವನಾದೆ.

ಆಗ ಸಾಲಿನ ಕೊನೆಯಿಂದ ಅವಳು:
'ನಂಗೆ ಓದು ಬರಲ್ಲ ರೈಟ್ರೇ.
ಒಂದೇ ಒಂದು ನಂಬರ್ ಗುರುತುಂಟು. ಸಾಕಾ?'
'ಧಾರಾಳ' ಅಂದೆ, ಅರ್ಧ ಕೇಳಿಸಿಕೊಂಡು.

ಕತ್ತಿ ಪಕ್ಕಕ್ಕಿಟ್ಟು, ಕೈ ಸೀರೆಗೆ ಒರೆಸಿ
ಕಾರ್ಡು ಹಿಡಿದಳು.
ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ
ಬೆರಳು ಮೇಲಿಂದಲೇ ಹರಿಯಿತು, ಕಾಗದಕ್ಕೆ ತಾಗದೆ,
ಸಾಲು ಬಿಡದೆ. ಒಂದೊಂದಕ್ಕೆ ಮೂರು ನಿಮಿಷ.
ಹುಡುಗರು ಆಕಳಿಸಿದರು.
ಇದೆ.
ಇಲ್ಲ.
ಇಲ್ಲ.
ಇದೆ.
ಇಲ್ಲ.
ಕೊನೆಯದರಲ್ಲಿ ಬಹಳ ಹೊತ್ತು ಅಲೆದು,
ದಾರಿಯಲ್ಲಿ ನೆಂಟರು ಸಿಕ್ಕಂತೆ, ಇದೆ ಇದೆ.

ಒಂದು, ಎಂಟು, ಮೂವತ್ತೆರಡು.
'ನಲವತ್ತೊಂದು!'
ಅಂದದ್ದು ಬೆಳಗಿನ ಹಾಜರಿಯ ದನಿಯಲ್ಲೇ ಇರಬೇಕು,
'ಹ್ಞಾಂ' ಅಂದಳು,
ಕೈ ಎತ್ತಿ.

ಸೆರಗಿನ ಗಂಟಿನಲ್ಲಿತ್ತು ಹಿತ್ತಾಳೆ ಬಿಲ್ಲೆ,
ಅಡಿಮೇಲಾದ ಕುರ್ಚಿ, ಪಕ್ಕಕ್ಕೊಂದು ಕೋಲು.
ಕಾರ್ಡಿಗೆ ಕಾರ್ಡು ಆ ಕುರ್ಚಿಯನ್ನೇ ಹುಡುಕಿದ್ದಳು.
'ಇದು ನೀವು ದಿನಾ ಕೂಗೋದು ತಾನೇ.
ಮನಸ್ಸು ಓದೋದಾದ್ರೆ ನನ್ನ ಹೆಸರು ಹೇಳಿ.'

ನಗು ನಿಂತಿತು, ಅಥವಾ ನನಗೆ ಹಾಗನ್ನಿಸಿತು.
ಹನ್ನೊಂದು ವರ್ಷ, ಪುಸ್ತಕ ತುಂಬಿದಾಗಲೆಲ್ಲ
ಹಳೆಯದರಿಂದ ಹೊಸದಕ್ಕೆ ನಾನೇ ಇಳಿಸಿದ ಹೆಸರು.
ಹಣೆಗೆ ಬೆರಳಿಟ್ಟೆ. ಒಳಗೆ ಬರೀ ಸಾಲುಗಳು.
ಪುಣ್ಯಕ್ಕೆ ಜೀಪು ಬಂತು.

ರಾತ್ರಿ ಹುಡುಕಿದೆ. ನಲವತ್ತೊಂದರ ಎದುರಿಗೆ: ಬೊಳ್ಚಿ.
ಅದರ ಮುಂದೆ ತಿಂಗಳು ತಿಂಗಳು ನೀಲಿ ಹೆಬ್ಬೆಟ್ಟು.

ಸೋಮವಾರ ಮಂಜಿನಲ್ಲಿ ನಿಂತು
ನಂಬರು ಬಿಟ್ಟು, ಗಂಟಲು ಸರಿಮಾಡಿಕೊಂಡು, ಕೂಗಿದೆ,
'ಬೊಳ್ಚಿ.'
ಯಾರೂ ಕೈ ಎತ್ತಲಿಲ್ಲ.
'ಬೊಳ್ಚಿ!'
ಅವಳು ನನ್ನನ್ನೇ ನೋಡುತ್ತಿದ್ದಳು,
ಎಲೆಯಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸುತ್ತ.

'ಅದು ನನ್ನ ಅತ್ತೆ,' ಅಂದಳು.
'ಹೋಗಿ ಒಂಬತ್ತು ಮಳೆಗಾಲ ಆಯ್ತು.
ಬಿಲ್ಲೆ ನಂಗೆ ಬಂತು.'
ಮತ್ತೆ ಕತ್ತಿ ಸೊಂಟಕ್ಕೆ ಸಿಕ್ಕಿಸಿ,
ಗದ್ದದಿಂದ ನನ್ನ ಜೇಬು ತೋರಿಸಿ,
'ಇನ್ನೊಂದ್ಸಲ ತೆಗೀರಿ ನೋಡುವ.'